ಅಳಿಸುತ್ತಾ ಬಿಡಿಸುವ ಅನಿಮೇಷನ್

ನಾನು ಅನಿಮೇಷನ್ ಮಾಡುವುದು ಇದ್ದಿಲಿನಲ್ಲಿ. ಗೋಡೆಗೆ ಅಂಟಿಸಿದ ಒಂದು ದಪ್ಪ ಕಾಗದ, ಎದುರಿಗೆ ಅಲುಗದಂತೆ ಬಿಗಿದ ಕ್ಯಾಮೆರಾ. ಬಿಡಿಸುತ್ತೇನೆ, ಎರಡು ಫ್ರೇಮ್, ಅಂದರೆ ಎರಡು ಸ್ಥಿರಚಿತ್ರ, ತೆಗೆಯುತ್ತೇನೆ, ಕಾಗದದ ಹತ್ತಿರ ಹೋಗಿ ಒಂಚೂರು ಅಳಿಸಿ ತಿದ್ದಿ ಮತ್ತೆ ಕ್ಯಾಮೆರಾ ಬಳಿ ಬರುತ್ತೇನೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮ್ ಅಂದರೆ ಹೀಗೆ 12 ಸಲ ಓಡಾಟ.

ಇದರ ಹುಚ್ಚು ಹಿಡಿಸಿದ್ದು ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್. 1989ರಿಂದ ಅವರು ಜೋಹಾನ್ಸ್‌ಬರ್ಗಿನ ಬದುಕನ್ನು ಇದ್ದಿಲಿನಲ್ಲೇ ಚಲಿಸುವ ಚಿತ್ರವಾಗಿಸಿದ್ದಾರೆ. ಇದ್ದಿಲನ್ನು ಎಷ್ಟು ಉಜ್ಜಿದರೂ ಬೂದು ಕಲೆ ಉಳಿಯುತ್ತದೆ. ಅವರು ಅದನ್ನು ಮರೆಮಾಚಲಿಲ್ಲ. ಆಗಿಹೋದದ್ದರ ಗುರುತಾಗಿ ತೆರೆಯ ಮೇಲೆ ಹಾಗೇ ಬಿಟ್ಟರು. 1906ರಲ್ಲೇ ಅಮೆರಿಕದ ಚಿತ್ರನಿರ್ಮಾಪಕ ಜೆ. ಸ್ಟುವರ್ಟ್ ಬ್ಲ್ಯಾಕ್ಟನ್ ಕರಿಹಲಗೆಯ ಮೇಲೆ ಸೀಮೆಸುಣ್ಣದ ಮುಖಗಳನ್ನು ಹೀಗೆ ಬರೆದು ಅಳಿಸಿ ಆಡಿಸಿದ್ದ. ಮುಂದೆ ಪ್ರತಿ ಭಂಗಿಯನ್ನೂ ಬೇರೆ ಬೇರೆಯಾಗಿ ಬಿಡಿಸುವ ಪಾರದರ್ಶಕ ಸೆಲ್ ಹಾಳೆ ಬಂತು, ಅಳಿಸುವ ಕೆಲಸವಿಲ್ಲದೆ ಗೆರೆ ಶುಭ್ರವಾಯಿತು. ಆದರೆ ಬಿಡಿಸಿದವರ ಕೈ ಕಾಣುವುದು ಕಡಿಮೆಯಾಯಿತು ಅಂತಲೇ ನನಗೆ ಅನಿಸುತ್ತದೆ.

ಒಬ್ಬ ಮುದುಕ ಕುರ್ಚಿಯಿಂದ ಏಳುವ ದೃಶ್ಯ ಮಾಡಿದೆ. ಮೊದಲು ನಾನೇ ಕೂತು, ಎದ್ದು, ಸ್ಟಾಪ್‌ವಾಚ್ ಹಿಡಿದು ನೋಡಿದೆ. ಮೈ ಏಳುವ ಮುಂಚೆಯೇ ತಲೆ ಮುಂದಕ್ಕೆ ಬಾಗುತ್ತದೆ, ಅಂಗೈ ಮೊಣಕಾಲನ್ನು ಒತ್ತುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ. ಆಮೇಲಷ್ಟೇ ಸೊಂಟ ಕುರ್ಚಿ ಬಿಡುವುದು. ಈ ತಯಾರಿಗೆ ಇಡೀ ಒಂದು ಸೆಕೆಂಡು ಕೊಟ್ಟೆ. ಶುರುವಿನಲ್ಲಿ ಗೆರೆಯನ್ನು ಕೂದಲೆಳೆಯಷ್ಟೇ ಸರಿಸಿದೆ, ನಡುವೆ ಬೆರಳಗಲ, ನಿಲ್ಲುವ ಹೊತ್ತಿಗೆ ಮತ್ತೆ ಕೂದಲೆಳೆ. ದೇಹಕ್ಕೆ ಭಾರ ಬರುವುದು ಈ ಅಂತರದಿಂದಲೇ. ಎಲ್ಲ ಕಡೆ ಒಂದೇ ಸಮ ಸರಿಸಿದರೆ ಮುದುಕ ತೇಲುತ್ತಾನೆ. ಎದ್ದು ನಿಂತಾಗ ಅವನು ಕೂತಿದ್ದ ಭಂಗಿಗಳೆಲ್ಲ ಕುರ್ಚಿಯ ಮೇಲೆ ಬೂದು ನೆರಳಾಗಿ ಉಳಿದಿದ್ದವು. ಏಳಲು ಅವನು ಪಟ್ಟ ಪಾಡು ಅದರಲ್ಲೇ ಇತ್ತು.

ಸಾಮಾನಿನ ವಿಷಯ. ತೆಳು ಕಾಗದ ನಾಲ್ಕು ಸಲ ಉಜ್ಜುವಷ್ಟರಲ್ಲಿ ಸಿಪ್ಪೆ ಏಳುತ್ತದೆ, ದಪ್ಪನೆಯ ಹತ್ತಿಕಾಗದವೇ ಆಗಬೇಕು. ಬಳ್ಳಿಯಂಥ ತೆಳು ಇದ್ದಿಲುಕಡ್ಡಿ ಸುಲಭವಾಗಿ ಅಳಿಯುತ್ತದೆ. ಒತ್ತಿ ಗಟ್ಟಿ ಮಾಡಿದ ಇದ್ದಿಲು ಸುಲಭಕ್ಕೆ ಬಿಡುವುದಿಲ್ಲ, ಅದನ್ನು ಅಲುಗದ ಕಪ್ಪಿಗಷ್ಟೇ ಇಟ್ಟುಕೊಳ್ಳಿ. ಅಳಿಸಲು ಬೆರಳಲ್ಲಿ ನಾದಿ ಮೊನೆ ಮಾಡಿಕೊಳ್ಳುವ ಮೆತ್ತನೆ ರಬ್ಬರ್. ಕ್ಯಾಮೆರಾದ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರೂ ಮ್ಯಾನ್ಯುಯಲ್, ತಾವಾಗಿ ಬದಲಾಗಬಾರದು. ಕಿಟಕಿಗೆ ದಪ್ಪ ಪರದೆ, ಎರಡೂ ಪಕ್ಕ ಒಂದೊಂದು ದೀಪ. ನಾನು ಕಪ್ಪು ಅಂಗಿಯನ್ನೇ ಹಾಕುತ್ತೇನೆ, ಬಿಳಿ ಅಂಗಿಯ ಬೆಳಕು ಕಾಗದದ ಮೇಲೆ ಬಿದ್ದರೆ ಚಿತ್ರ ಮಿಣುಕುತ್ತದೆ.

ಅಳಿಸಿದ ಭಂಗಿ ಮತ್ತೆ ಸಿಗುವುದಿಲ್ಲವಾದ್ದರಿಂದ ಪ್ರತಿ ಫ್ರೇಮನ್ನೂ ಕಂಪ್ಯೂಟರಿನಲ್ಲಿ ಹಿಂದಿನದರ ಜೊತೆ ಹೋಲಿಸಿ ನೋಡಿಯೇ ರಬ್ಬರ್ ಎತ್ತಿಕೊಳ್ಳುತ್ತೇನೆ. ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರಾವಣ ಸಿಂಪಡಿಸುವುದು ಕೊನೆಯ ಫ್ರೇಮ್ ಆದ ಮೇಲೆ ಮಾತ್ರ.