ಎದೆಹಾಲು ಕುಡಿಯುವ ಮಗುವಿಗೆ ಹಸುವಿನ ಹಾಲೂ ಬೇಕಾ? ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ

ಮಗುವಿಗೆ ವರ್ಷ ತುಂಬಿದರೆ ಸಾಕು, ಮನೆಯಲ್ಲಿ ಒಂದು ಮಾತು ಶುರುವಾಗುತ್ತದೆ. 'ಇನ್ನೂ ಎದೆಹಾಲೇನಾ? ಅದರಲ್ಲಿ ಈಗ ಏನೂ ಸತ್ವ ಇರಲ್ಲಮ್ಮ. ದಿನಾ ಎರಡು ಲೋಟ ಹಸುವಿನ ಹಾಲು ಕುಡಿಸು, ಮೂಳೆ ಗಟ್ಟಿಯಾಗುತ್ತೆ.' ಅಜ್ಜಿ ಹೇಳುತ್ತಾರೆ, ಅತ್ತೆ ಹೇಳುತ್ತಾರೆ, ಪಕ್ಕದ ಮನೆಯವರೂ ಹೇಳುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುವುದು. ಆದರೆ ಇದನ್ನು ಕೇಳಿದ ತಾಯಿಗೆ, ತಾನು ಮಗುವಿಗೆ ಏನೋ ಕಡಿಮೆ ಮಾಡುತ್ತಿದ್ದೇನೆ ಅನ್ನಿಸಿಬಿಡುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಮೂರ‍್ನಾಲ್ಕು ಸಲ ಚೆನ್ನಾಗಿ ಎದೆಹಾಲು ಕುಡಿಯುತ್ತಿದ್ದು, ಊಟವೂ ತಕ್ಕಮಟ್ಟಿಗೆ ಆಗುತ್ತಿದ್ದರೆ, ಲೋಟದಲ್ಲಿ ಹಸುವಿನ ಹಾಲು ಕುಡಿಸಲೇಬೇಕು ಅಂತೇನಿಲ್ಲ. ಕೊಟ್ಟರೆ ತಪ್ಪೂ ಅಲ್ಲ. ತಟ್ಟೆಯಲ್ಲಿ ಏನಿದೆ, ಏನಿಲ್ಲ ಅನ್ನುವುದೇ ಮುಖ್ಯ. ನಿಮ್ಮ ಮಗುವಿಗೆ ಬೇಕೋ ಬೇಡವೋ ಅನ್ನುವುದನ್ನು ಹೀಗೆ ಲೆಕ್ಕ ಹಾಕಿ.

1. ಮೊದಲು ವಯಸ್ಸು ನೋಡಿ

ಒಂದು ವರ್ಷದ ಒಳಗಿನ ಎದೆಹಾಲಿನ ಮಗುವಿಗೆ ಹಸುವಿನ ಹಾಲನ್ನು ಕುಡಿಯಲು ಕೊಡಬೇಡಿ. ಅದರಲ್ಲಿ ಪ್ರೋಟೀನ್, ಉಪ್ಪಿನಂಶ ಎರಡೂ ಜಾಸ್ತಿ. ಎಳೆಯ ಮೂತ್ರಪಿಂಡಗಳಿಗೆ ಅದು ಹೊರೆ. ಕೆಲವು ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರಬಹುದು. ನೀರು ಬೆರೆಸಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ನೀರು ಬೆರೆಸಿದರೆ ಹಾಲಿನ ಶಕ್ತಿ ಕಡಿಮೆಯಾಗುತ್ತದೆ ಅಷ್ಟೇ. ಆರು ತಿಂಗಳ ನಂತರ ಅನ್ನಕ್ಕೆ ಎರಡು ಚಮಚ ಮೊಸರು ಕಲಸಿ ಕೊಡುವುದು ಬೇರೆ ಮಾತು, ಅದು ಆಗಬಹುದು.

ಇಲ್ಲಿಂದ ಮುಂದಿನದೆಲ್ಲ ವರ್ಷ ತುಂಬಿದ ಮಕ್ಕಳ ವಿಷಯ.

2. ದಿನಕ್ಕೆ ಎಷ್ಟು ಸಲ ಎದೆಹಾಲು ಕುಡಿಯುತ್ತದೆ ಎಂದು ಎಣಿಸಿ

ಎರಡು ಮೂರು ದಿನ ಸುಮ್ನೆ ಗಮನಿಸಿ. ರಾತ್ರಿ ಎದ್ದು ಕುಡಿಯುವುದನ್ನೂ ಸೇರಿಸಿಕೊಳ್ಳಿ. ಬಹಳಷ್ಟು ತಾಯಂದಿರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳು ಎಷ್ಟೋ ಸಲ ರಾತ್ರಿಯೇ ಹೆಚ್ಚು ಕುಡಿಯುವುದು.

ಎರಡನೇ ವರ್ಷದಲ್ಲಿ ಎದೆಹಾಲು ನೀರಾಗುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 450 ಮಿ.ಲೀ. ಎದೆಹಾಲು ಕುಡಿಯುವ ಮಗುವಿಗೆ ಅದರಿಂದಲೇ ದಿನದ ಶಕ್ತಿಯ ಮೂರನೇ ಒಂದು ಭಾಗದ ಹತ್ತಿರ ಹತ್ತಿರ ಸಿಗುತ್ತದೆ. ಪ್ರೋಟೀನ್ ಶೇ 40ಕ್ಕಿಂತ ಸ್ವಲ್ಪ ಹೆಚ್ಚು, ವಿಟಮಿನ್ ಎ ಮುಕ್ಕಾಲು ಪಾಲು. ರೋಗ ತಡೆಯುವ ಅಂಶಗಳು ಇದರ ಮೇಲೆ. ಅವು ಯಾವ ಪ್ಯಾಕೆಟ್ಟಿನಲ್ಲೂ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಮುಂದುವರಿಸಿ ಎನ್ನುತ್ತದೆ. ಎದೆಹಾಲು ಪೂರ್ತಿ ಬಿಟ್ಟ ಮಕ್ಕಳಿಗೆ ದಿನಕ್ಕೆ ಕನಿಷ್ಠ ಎರಡು ಸಲ ಬೇರೆ ಹಾಲು ಸಿಗಬೇಕು ಅನ್ನುವುದೂ ಅದೇ ಸಂಸ್ಥೆಯ ಅಳತೆಗೋಲು. ಎದೆಹಾಲು ಕುಡಿಯುವ ಮಕ್ಕಳಿಗೆ ಆ ಷರತ್ತು ಇಲ್ಲ.

ಹಾಗಾಗಿ ಮೂರ‍್ನಾಲ್ಕು ಸಲ ಚೆನ್ನಾಗಿ ಕುಡಿಯುತ್ತಿದ್ದರೆ ನಿಶ್ಚಿಂತೆಯಿಂದ ಮುಂದಿನ ಹೆಜ್ಜೆಗೆ ಬನ್ನಿ. ಮಲಗುವಾಗ ಒಂದೇ ಸಲ, ಅದೂ ಸಮಾಧಾನಕ್ಕೆ ಎರಡು ನಿಮಿಷ ಅಂತಾದರೆ, ದಿನಕ್ಕೆ 200ರಿಂದ 400 ಮಿ.ಲೀ. ಹಾಲು ಅಥವಾ ಮೊಸರು ಸೇರಿಸುವುದು ಒಳ್ಳೆಯದು.

3. ಕ್ಯಾಲ್ಸಿಯಂ ಲೆಕ್ಕ ಹಾಕಿ

ಹಾಲು ಕುಡಿಸದಿದ್ದರೆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಅನ್ನುವುದೇ ಎಲ್ಲರ ಭಯ, ಅಲ್ವಾ? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಿಂದ ಬಂದ 2020ರ ಶಿಫಾರಸಿನ ಪ್ರಕಾರ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಅಡುಗೆಮನೆಯಲ್ಲೇ ಕೂಡಿಸಿ ನೋಡೋಣ.

450 ಮಿ.ಲೀ. ಎದೆಹಾಲಿನಿಂದ ಸುಮಾರು 125 ಮಿ.ಗ್ರಾಂ. ಹಸುವಿನ ಹಾಲಿಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಎದೆಹಾಲಿನ ಕ್ಯಾಲ್ಸಿಯಂ ಮಗುವಿನ ಮೈಗೆ ಹೆಚ್ಚು ಚೆನ್ನಾಗಿ ಹತ್ತುತ್ತದೆ. 30 ಗ್ರಾಂ ರಾಗಿ ಹಿಟ್ಟಿನ ಸರಿಯಿಂದ 100 ಮಿ.ಗ್ರಾಂ ಆಸುಪಾಸು. ಮೊಸರನ್ನಕ್ಕೆ ಹಾಕುವ 100 ಗ್ರಾಂ ಮೊಸರಿನಿಂದ ಹೆಚ್ಚುಕಡಿಮೆ 120. ಒಂದು ಚಮಚ, ಅಂದರೆ 5 ಗ್ರಾಂ, ಹುರಿದು ಪುಡಿ ಮಾಡಿದ ಎಳ್ಳಿನಿಂದ 60ರಷ್ಟು. ಬೇಳೆ ಜೊತೆ ಬೇಯಿಸಿದ ಒಂದು ಸಣ್ಣ ಹಿಡಿ ನುಗ್ಗೆಸೊಪ್ಪಿನಿಂದ ಇನ್ನೊಂದು 60. ಇಷ್ಟಕ್ಕೇ 465 ಆಯಿತು. ಉಳಿದದ್ದು ಬೇಳೆ, ಕಾಳು, ತರಕಾರಿಯಿಂದ ಬರುತ್ತದೆ. ಕರಾವಳಿಯ ಮನೆಗಳಲ್ಲಿ ಸಣ್ಣ ಮೀನೂ ಸೇರುತ್ತದೆ. ಇಷ್ಟೂ ಐಟಂ ಮಗು ದಿನಾ ತಿನ್ನುವುದಿಲ್ಲ, ಗೊತ್ತು. ವಾರದ ಲೆಕ್ಕದಲ್ಲಿ ಹತ್ತಿರ ಬಂದರೆ ಸಾಕು.

ರಾಗಿಯ ಬಗ್ಗೆ ಒಂದು ಮಾತು. ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಮತ್ತು ಕಬ್ಬಿಣ ಮೈಗೆ ಹತ್ತದಂತೆ ಹಿಡಿದಿಡುತ್ತದೆ. ರಾಗಿ ನೆನೆಸಿ, ಮೊಳಕೆ ಕಟ್ಟಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಮಕ್ಕಳಿಗೆಂದೇ ಮೊಳಕೆ ರಾಗಿ ಹಿಟ್ಟು ಮಾಡಿಡುತ್ತಿದ್ದರಲ್ಲ, ಅದು ತುಂಬಾ ಒಳ್ಳೆಯ ಪದ್ಧತಿ. ಪಾಲಕ್ ಸೊಪ್ಪನ್ನು ಮಾತ್ರ ಕ್ಯಾಲ್ಸಿಯಂಗಾಗಿ ನಂಬಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ.

4. ಕಬ್ಬಿಣ ನೋಡಿ. ಇದೇ ಎಲ್ಲಕ್ಕಿಂತ ಮುಖ್ಯ

ನನಗೆ ನಿಜವಾಗಿ ಕಳವಳ ಇರುವುದು ಇಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಲಿನ ಬಗ್ಗೆ ಇಷ್ಟೊಂದು ಚರ್ಚೆ ಮಾಡುವ ನಾವು ಈ ಸಂಖ್ಯೆಯ ಬಗ್ಗೆ ಮಾತೇ ಆಡುವುದಿಲ್ಲ.

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿ.ಗ್ರಾಂ ಕಬ್ಬಿಣ ಬೇಕು. ಎದೆಹಾಲಿನಲ್ಲೂ ಹಸುವಿನ ಹಾಲಿನಲ್ಲೂ ಲೀಟರಿಗೆ ಅರ್ಧ ಮಿ.ಗ್ರಾಂ ಸಿಗುವುದೂ ಕಷ್ಟ. ಅಂದರೆ ಯಾವ ಹಾಲು ಕುಡಿದರೂ ಕಬ್ಬಿಣ ಊಟದಿಂದಲೇ ಬರಬೇಕು. ಹಸುವಿನ ಹಾಲಿನಲ್ಲಿ ಇನ್ನೊಂದು ತೊಂದರೆ ಇದೆ. ಅದರ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನ್ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ.

ಹೊಟ್ಟೆಯಲ್ಲಿ ಜಾಗದ ಲೆಕ್ಕವೂ ಇದೆ. ಎದೆಹಾಲು ಕುಡಿಯುವ ಈ ವಯಸ್ಸಿನ ಮಗುವಿಗೆ ಊಟದಿಂದ ಬೇಕಾಗಿರುವುದು ದಿನಕ್ಕೆ ಸುಮಾರು 550 ಕ್ಯಾಲೊರಿ. ಅರ್ಧ ಲೀಟರ್ ಹಸುವಿನ ಹಾಲು ಕುಡಿಸಿದರೆ 300 ಕ್ಯಾಲೊರಿ ಅಲ್ಲೇ ತುಂಬಿಹೋಯಿತು. ಊಟಕ್ಕೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಮಗು 'ಊಟವೇ ಮಾಡಲ್ಲ' ಎಂದು ತಾಯಿ ಬೇಜಾರು ಮಾಡಿಕೊಳ್ಳುತ್ತಾಳೆ. ಊಟ ಮಾಡಿಲ್ಲವಲ್ಲ ಎಂದು ಮತ್ತೊಂದು ಲೋಟ ಹಾಲು ಕೊಡುತ್ತಾಳೆ. ಮರುಹೊತ್ತಿಗೂ ಮಗುವಿಗೆ ಹಸಿವಿಲ್ಲ. ನೋಡಲು ಗುಂಡಗೆ ಇದ್ದೂ ರಕ್ತ ಕಡಿಮೆ ಇರುವ ಮಕ್ಕಳಲ್ಲಿ ಹಲವರ ಕತೆ ಇದೇ.

ತಟ್ಟೆಯಲ್ಲಿ ದಿನಕ್ಕೆ ಎರಡು ಸಲವಾದರೂ ಕಬ್ಬಿಣದ ಪದಾರ್ಥ ಇರಲಿ. ಮಾಂಸ ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಕೀಮಾ, ಕೋಳಿ, ಮೀನು. ಈ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ. ಸಸ್ಯಾಹಾರಿಗಳು ಹುರುಳಿ, ಹೆಸರುಕಾಳು, ಅಲಸಂದೆಯನ್ನು ಮೊಳಕೆ ಕಟ್ಟಿ, ಬೇಯಿಸಿ, ನುಣ್ಣಗೆ ಕಿವುಚಿ ಕೊಡಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಅದರಲ್ಲಿರುವ ವಿಟಮಿನ್ ಸಿ ಕಬ್ಬಿಣ ಹತ್ತಲು ನೆರವಾಗುತ್ತದೆ. ಊಟವಾದ ಮೇಲೆ ಸೀಬೆ ಅಥವಾ ಪಪ್ಪಾಯಿ ಹಣ್ಣಿನ ತುಂಡು ಕೊಟ್ಟರೂ ಸರಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ.

ಟೀ ಬಗ್ಗೆಯೂ ಹೇಳಲೇಬೇಕು. ಬಿಸ್ಕತ್ತು ಅದ್ದಿ ಟೀ ಕೊಡುವ ಅಭ್ಯಾಸ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಟೀ ಕಬ್ಬಿಣವನ್ನು ತಡೆಯುತ್ತದೆ. ಮಗುವಿಗೆ ಒಂದು ಗುಟುಕೂ ಬೇಡ.

5. ಬಿ12: ಸಸ್ಯಾಹಾರಿ ಮನೆಯವರು ಇದನ್ನು ಬಿಡಬೇಡಿ

ವಿಟಮಿನ್ ಬಿ12 ರಾಗಿಯಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ಬೇಳೆಯಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವೇ ಅದರ ಮೂಲ. ಎದೆಹಾಲಿನಲ್ಲೂ ಇದೆ, ಆದರೆ ತಾಯಿಯ ಮೈಯಲ್ಲಿ ಇದ್ದರೆ ಮಾತ್ರ. ಮೊಟ್ಟೆಯನ್ನೂ ಮುಟ್ಟದ, ಹಾಲು ಮೊಸರನ್ನೂ ಅಷ್ಟಕ್ಕಷ್ಟೇ ತಿನ್ನುವ ತಾಯಿಯ ಹಾಲಿನಲ್ಲಿ ಅದು ಕಡಿಮೆ ಇರುತ್ತದೆ. ಇದು ತೀರಾ ಕಡಿಮೆಯಾದ ಮಕ್ಕಳು ಮಂಕಾಗುತ್ತಾರೆ. ಕಲಿತಿದ್ದ ಕೂರುವುದು, ನಗುವುದನ್ನೂ ಮರೆಯಬಹುದು. ಕೈಕಾಲು ನಡುಗಬಹುದು. ಬೆರಳಿನ ಗೆಣ್ಣುಗಳ ಚರ್ಮ ಕಪ್ಪಾಗಬಹುದು. ಇಂಥದ್ದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ನನ್ನ ಪ್ರಕಾರ, ಸಸ್ಯಾಹಾರಿ ಮನೆಯಲ್ಲಿ ಹಾಲು ಮೊಸರಿಗೆ ದೊಡ್ಡ ಪಾತ್ರ ಇರುವುದು ಮೂಳೆಗಿಂತ ಹೆಚ್ಚಾಗಿ ಈ ಬಿ12 ಕಾರಣಕ್ಕೆ. ಮಗುವಿಗೆ ದಿನಾ ಒಂದು ಬಟ್ಟಲು ಮೊಸರು ಇರಲಿ. ಜೊತೆಗೆ ತಾಯಿಯ ತಟ್ಟೆ ಸರಿಮಾಡಿ. ಅವಳಿಗೂ ಹಾಲು, ಮೊಸರು, ಆಗುವುದಾದರೆ ಮೊಟ್ಟೆ ಸಿಗಲಿ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದರೆ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳಲಿ. ಮಗುವಿಗೆ ಕೊಡುವುದನ್ನೆಲ್ಲ ಕೊಟ್ಟು ಬಾಣಂತನ ಮುಗಿದ ತಾಯಿಯನ್ನು ಮರೆಯುವ ಮನೆಗಳು ಜಾಸ್ತಿ. ಅದು ನೋವಿನ ಸಂಗತಿ.

6. ಹಾಲು ಕೊಡುವುದಾದರೆ ಹೀಗೆ ಕೊಡಿ

ಹಾಲು, ಮೊಸರು, ಮಜ್ಜಿಗೆ, ಪಾಯಸದ ಹಾಲು ಎಲ್ಲ ಸೇರಿ ದಿನಕ್ಕೆ 400 ಮಿ.ಲೀ. ಒಳಗಿರಲಿ. ಚೆನ್ನಾಗಿ ಎದೆಹಾಲು ಕುಡಿಯುವ ಮಗುವಿಗೆ ಅದರ ಅರ್ಧವೇ ಬೇಕಾದಷ್ಟಾಯಿತು. ಊಟಕ್ಕೆ ಮೊದಲು ಬೇಡ. ಊಟವಾಗಿ ಒಂದೆರಡು ಗಂಟೆಯ ನಂತರ ಕೊಡಿ. ಕೊಟ್ಟಿಗೆಯ ಹಾಲಾಗಲಿ, ಡೇರಿಯಿಂದ ತಂದದ್ದಾಗಲಿ, ಉಕ್ಕಿ ಬರುವಂತೆ ಕಾಯಿಸಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ಜ್ವರ ಬರುತ್ತದೆ.

ಪ್ಯಾಕೆಟ್ ಮೇಲೆ ಕೊಬ್ಬಿನ ಪ್ರಮಾಣ ಬರೆದಿರುತ್ತದೆ, ಓದಿ. ನಂದಿನಿ ನೀಲಿ ಪ್ಯಾಕೆಟ್ಟಿನಂಥ ಟೋನ್ಡ್ ಹಾಲಿನಲ್ಲಿ ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5. ಎರಡೂ ಆಗಬಹುದು, ಕೆನೆ ಮಾತ್ರ ತೆಗೆಯಬೇಡಿ. ಶೇ 1.5 ಕೊಬ್ಬಿನ ಡಬಲ್ ಟೋನ್ಡ್ ಹಾಲು ಎರಡು ವರ್ಷದ ಒಳಗೆ ಬೇಡ.

ಲೋಟದಲ್ಲೇ ಕುಡಿಸಿ. ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಹಲ್ಲು ಹುಳುಕಾಗುತ್ತದೆ. ಸಕ್ಕರೆ, ಚಾಕೊಲೇಟ್ ಪುಡಿ ಬೇಡ. ವರ್ಷ ದಾಟಿದ ಮಕ್ಕಳಿಗೆಂದು ಮಾರುವ ಡಬ್ಬಿ ಹಾಲಿನ ಪುಡಿಯೂ ಅನಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಆ ದುಡ್ಡಿಗೆ ಮೊಟ್ಟೆ, ಹಣ್ಣು ತನ್ನಿ.

7. ತೂಕ ನೋಡಿ, ಬೇಕಾದಾಗ ವೈದ್ಯರನ್ನು ಕೇಳಿ

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನ ಬೆಳವಣಿಗೆ ರೇಖೆಯಲ್ಲಿ ಗುರುತು ಮಾಡಿಸಿ. ರೇಖೆ ಮೇಲೆ ಹೋಗುತ್ತಿದ್ದರೆ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವ ಅಗತ್ಯವಿಲ್ಲ. ಎರಡು ಮೂರು ತಿಂಗಳು ತೂಕ ಏರದಿದ್ದರೆ, ಮಗು ಬಿಳಿಚಿಕೊಂಡಿದ್ದರೆ, ಮಣ್ಣು ಅಥವಾ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಹಾಲು ಕುಡಿದ ಮೇಲೆ ಮೈ ಮೇಲೆ ದದ್ದು, ತುಟಿ ಊತ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡರೆ ಅದು ಹಾಲಿನ ಅಲರ್ಜಿ ಇರಬಹುದು. ಹಾಲು ಮೊಸರು ಎರಡನ್ನೂ ನಿಲ್ಲಿಸಿ ವೈದ್ಯರನ್ನು ಕಾಣಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಓಡಿ. ಎಮ್ಮೆ ಹಾಲು, ಮೇಕೆ ಹಾಲಿಗೆ ಬದಲಾಯಿಸಿ ನೋಡುವುದು ಬೇಡ, ಅವುಗಳ ಪ್ರೋಟೀನ್ ಕೂಡ ಹೆಚ್ಚುಕಡಿಮೆ ಅಂಥದ್ದೇ. ಎದೆಹಾಲು ಮಾತ್ರ ನಿಲ್ಲಿಸಬೇಡಿ. ತಾಯಿಯೂ ಹಾಲು ಮೊಸರು ಬಿಡಬೇಕೇ ಅನ್ನುವುದನ್ನು ವೈದ್ಯರು ಮಗುವನ್ನು ನೋಡಿ ಹೇಳುತ್ತಾರೆ.