ಹೊಸ ಫುಟ್‌ಬಾಲ್ ತಂಡಕ್ಕೆ ಮೊದಲ 26 ಆಟಗಾರರು: ನಾವು ಸೇರಿಸಿದ ಬಗೆ

ಅಮೆರಿಕದ ಮೇಜರ್ ಲೀಗ್ ಸಾಕರ್‌ಗೆ ಹೊಸ ತಂಡ ಬಂದರೆ ಲೀಗೇ ಮುಂದೆ ನಿಂತು ಅದಕ್ಕೆ ಒಂದಷ್ಟು ಆಟಗಾರರನ್ನು ಕೊಡಿಸುತ್ತದೆ. 2022ರ ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ಸಿಟಿ ತಂಡಕ್ಕಾಗಿ ನಡೆದ ಡ್ರಾಫ್ಟ್‌ನಲ್ಲಿ ಹಳೆಯ ಕ್ಲಬ್‌ಗಳು ತಲಾ 12 ಮಂದಿಯನ್ನು ಕಾಯ್ದಿಟ್ಟುಕೊಂಡವು. ಉಳಿದವರಿಂದ ಹೊಸ ತಂಡ 5 ಮಂದಿಯನ್ನು ಆರಿಸಬಹುದಿತ್ತು, ಒಂದು ಕ್ಲಬ್‌ನಿಂದ ಒಬ್ಬರು ಮಾತ್ರ. ನಮ್ಮ ದೇಶದಲ್ಲಿ ಹೊಸ ಕ್ಲಬ್‌ಗೆ ಇಂಥ ಸೌಲಭ್ಯ ಇಲ್ಲ. ಬೇರೆಯವರು ಬಿಟ್ಟವರು, ಕರಾರು ಮುಗಿದವರು, ಬೇರೆ ಕ್ಲಬ್‌ನಿಂದ ಸ್ವಲ್ಪ ಕಾಲಕ್ಕೆ ಸಾಲವಾಗಿ ಸಿಗುವವರು, ಇನ್ನೂ ಯಾರ ಕಣ್ಣಿಗೂ ಬೀಳದವರು ಇಷ್ಟೇ ಮಂದಿ ಕೈಗೆ ಸಿಗುವುದು. ಬೆಂಗಳೂರಿನಿಂದ ರಾಷ್ಟ್ರೀಯ ಲೀಗಿಗೆ ಹೊಸ ತಂಡ ಕಟ್ಟುವಾಗ ಆಯ್ಕೆಯ ಪಟ್ಟಿ ಮತ್ತು ಕಾಗದಪತ್ರ ಎರಡೂ ನನ್ನ ಪಾಲಿಗೆ ಬಂದಿದ್ದವು. ಆ ಕೆಲಸ ಮಾಡುವವರಿಗೆ ಬೇಕಾದ ವಿವರ ಇಲ್ಲಿದೆ.

ಮೊದಲು ಬೇಕಾದದ್ದು ಕೋಚ್. ಆಟಗಾರರನ್ನು ತುಂಬಿಕೊಂಡು ಆಮೇಲೆ ಕೋಚ್ ಹುಡುಕಿದರೆ, ಬಂದವನು ಅವರಲ್ಲಿ ಅರ್ಧ ಮಂದಿಯನ್ನು ಬೇಡ ಎನ್ನುತ್ತಾನೆ. ಸಂಬಳ ಮಾತ್ರ ಹನ್ನೆರಡು ತಿಂಗಳು ಕೊಡಲೇಬೇಕು. ಕೋಚ್ ಬಂದ ಕೂಡಲೇ ಅವನಿಂದ ಒಂದೇ ಹಾಳೆ ಬರೆಸಿಕೊಳ್ಳಿ: ಆಡಿಸುವ ಕ್ರಮ, ಪ್ರತಿ ಜಾಗಕ್ಕೂ ಬೇಕಾದ ಎರಡು ಗುಣ, ಬೇಡವೇ ಬೇಡವಾದ ಒಂದು ಗುಣ. ಬಲಗಡೆ ಸೆಂಟರ್ ಬ್ಯಾಕ್ (ಗೋಲ್ ಮುಂದೆ ನಡುವೆ ನಿಲ್ಲುವ ರಕ್ಷಣೆಯ ಆಟಗಾರ) ಎಂಬಲ್ಲಿ ನಮ್ಮ ಕೋಚ್ ಬರೆದದ್ದು ಇಷ್ಟು: ಬೆನ್ನ ಹಿಂದಿನ ಜಾಗಕ್ಕೆ ಓಡಿ ಮುಟ್ಟಬೇಕು, ಎಡಗಾಲಲ್ಲೂ ಪಾಸ್ ಕೊಡಬೇಕು, ರೆಫರಿ ಜತೆ ಜಗಳ ಕೂಡದು. ಏಜೆಂಟ್ ಕಳಿಸುವ ಮೂವತ್ತು ಹೆಸರು ನಾಲ್ಕಕ್ಕೆ ಇಳಿಯುವುದು ಇಂಥ ಹಾಳೆಯಿಂದ.

26ರ ಲೆಕ್ಕ ಹೀಗಿತ್ತು: 3 ಗೋಲ್‌ಕೀಪರ್, 8 ರಕ್ಷಣೆ, 9 ಮಿಡ್‌ಫೀಲ್ಡ್, 6 ಮುಂದಿನ ಸಾಲಿನ ಆಟಗಾರರು. ಸಹಿ ಹಾಕಿಸುವ ಸರದಿ ಮಾತ್ರ ಬೇರೆ. ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್, ಅವರ ಮುಂದೆ ನಿಲ್ಲುವ ಮಿಡ್‌ಫೀಲ್ಡರ್ ಈ ನಾಲ್ವರು ಮೊದಲು, ಸ್ಟ್ರೈಕರ್ ಐದನೆಯವನು. ಮಾಲೀಕರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಪೋಸ್ಟರ್‌ಗೆ ಬೇಕಾದದ್ದು ಗೋಲ್ ಹೊಡೆಯುವವನ ಮುಖ. ಆದರೆ ಒಂದೇ ತಿಂಗಳ ಹಿಂದೆ ಪರಿಚಯವಾದ ಹನ್ನೊಂದು ಜನ ಸೇರಿದಾಗ ಮೊದಲು ಕುಸಿಯುವುದು ಹಿಂಬದಿ. ಮುಂದಿನವನು ಒಬ್ಬಂಟಿಯಾಗಿಯೂ ಏನಾದರೂ ಮಾಡಿಯಾನು. ಹಿಂದಿನ ನಾಲ್ವರು ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಸರಿಯಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಅದಕ್ಕೇ ಅವರು ಅಭ್ಯಾಸದ ಮೊದಲ ದಿನವೇ ಮೈದಾನದಲ್ಲಿರಬೇಕು.

ಉದಾಹರಣೆಗಳು ಕಣ್ಣೆದುರೇ ಇವೆ. ಅಮೆರಿಕದಲ್ಲಿ ಮಿನ್ನೆಸೋಟ ಯುನೈಟೆಡ್ 2017ರ ಮೊದಲ ಋತುವಿನಲ್ಲಿ 70 ಗೋಲ್ ಬಿಟ್ಟುಕೊಟ್ಟಿತು. ಮೊದಲ ಎರಡು ಪಂದ್ಯಗಳಲ್ಲೇ 5 ಮತ್ತು 6. ಎರಡು ವರ್ಷದ ನಂತರ ಬಂದ ಎಫ್‌ಸಿ ಸಿನ್ಸಿನಾಟಿ 75 ಬಿಟ್ಟುಕೊಟ್ಟಿತು. ಅದೇ ಲೀಗ್‌ನಲ್ಲಿ ಸೇಂಟ್ ಲೂಯಿಸ್, ಲೀಗಿಗೆ ಕಾಲಿಡುವ ಹಿಂದಿನ ವರ್ಷವೇ ಜರ್ಮನಿಯ ಡಾರ್ಟ್‌ಮಂಡ್‌ನಿಂದ ಗೋಲ್‌ಕೀಪರ್ ರೋಮನ್ ಬ್ಯುರ್ಕಿಯನ್ನು ತಂದು ಎರಡನೇ ತಂಡದಲ್ಲಿ ಆಡಿಸುತ್ತ ಇಟ್ಟುಕೊಂಡಿತ್ತು. 2023ರಲ್ಲಿ ಮೊದಲ ಐದು ಪಂದ್ಯ ಗೆದ್ದು, ಪಶ್ಚಿಮ ವಿಭಾಗದ ಪಟ್ಟಿಯಲ್ಲಿ ಮೊದಲನೆಯದಾಗಿ ಮುಗಿಸಿತು. ಲಾಸ್ ಏಂಜಲೀಸ್ ಎಫ್‌ಸಿಯದು ಇನ್ನೂ ಜಾಣ ಲೆಕ್ಕ: ಡ್ರಾಫ್ಟ್‌ನಲ್ಲಿ ಆರಿಸಿದ ಐವರಲ್ಲಿ ಇಬ್ಬರನ್ನು ಕೂಡಲೇ ಮಾಂಟ್ರಿಯಲ್‌ಗೆ ಕೊಟ್ಟು, ಬದಲಿಗೆ ಬೆಲ್ಜಿಯಂನ ಸೆಂಟರ್ ಬ್ಯಾಕ್ ಲಾರೆಂಟ್ ಸಿಮನ್‌ನನ್ನು ಪಡೆಯಿತು.

ನಮ್ಮೂರಿನದೇ ಬೇಕೆಂದರೆ 2013ರ ಬೆಂಗಳೂರು ಎಫ್‌ಸಿ. ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ವಿದೇಶಿಯರಿಗೆ ನಾಲ್ಕೇ ಜಾಗ, ಅದರಲ್ಲಿ ಒಂದು ಏಷ್ಯಾದವನಿಗೆ. ವಿದೇಶಿ ಜಾಗವನ್ನು ಮುಂದಿನ ಸಾಲಿನವರಿಗೆ ಸುರಿಯುವ ಅಭ್ಯಾಸ ನಮ್ಮ ಕ್ಲಬ್‌ಗಳಲ್ಲಿ ಹಳೆಯದು. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಅವರ ತಂಡದಲ್ಲಿ ಅರ್ಧ ಜಾಗ ರಕ್ಷಣೆಗೆ ಹೋಯಿತು: ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಏಷ್ಯಾದ ಜಾಗಕ್ಕೆ ಆಸ್ಟ್ರೇಲಿಯಾದ ಶಾನ್ ರೂನಿ (ಫುಟ್‌ಬಾಲ್‌ನಲ್ಲಿ ಆಸ್ಟ್ರೇಲಿಯಾ ಏಷ್ಯಾದ ಒಕ್ಕೂಟಕ್ಕೆ ಸೇರಿದೆ). ಮುಂದೆ ಸುನಿಲ್ ಛೆಟ್ರಿ ಇದ್ದುದರಿಂದ ಈ ಧೈರ್ಯ ಸಾಧ್ಯವಾಯಿತು, ನಿಜ. ಆದರೂ ಆ ತಂಡ ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು.

ಇನ್ನು ದಿನಾಂಕಗಳ ವಿಷಯ. ಹೊಸಬರು ಎಡವುವುದು ಇಲ್ಲೇ. ಇಲ್ಲಿನ ಹೆಚ್ಚಿನ ಕರಾರುಗಳು ಮೇ 31ಕ್ಕೆ ಮುಗಿಯುತ್ತವೆ. ಫಿಫಾ ನಿಯಮದ ಪ್ರಕಾರ ಕರಾರು ಮುಗಿಯಲು ಆರು ತಿಂಗಳೊಳಗೆ ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ ಜತೆ ಸಹಿ ಹಾಕಬಹುದು. ಅಂದರೆ ಒಳ್ಳೆಯವರ ಮಾತುಕತೆ ಡಿಸೆಂಬರ್‌ನಲ್ಲೇ ಶುರುವಾಗುತ್ತದೆ. ಹೊಸ ಕ್ಲಬ್‌ಗೆ ಲೀಗಿನ ಒಪ್ಪಿಗೆ ಸಿಗುವುದು ಮೇ ಅಥವಾ ಜೂನ್‌ನಲ್ಲಿ. ಮದುವೆಮನೆಗೆ ಕೊನೆಯ ಪಂಕ್ತಿ ಎದ್ದ ಮೇಲೆ ಹೋದಂತೆ. ಹಾಗೆಂದು ಮಾನ್ಯತೆ ಬರುವ ಮೊದಲೇ ಸಹಿ ಹಾಕಿಸುವುದು ತಪ್ಪು. ಮಾನ್ಯತೆ ಬರದೇ ಹೋದರೆ ಆಟಗಾರನ ಒಂದು ವರ್ಷ ಹಾಳು. ಬಂದರೂ, ಅವನು ಅಷ್ಟರಲ್ಲಿ ಇನ್ನೊಂದು ಕಡೆಯೂ ಸಹಿ ಹಾಕಿರಬಹುದು. ಒಂದೇ ಅವಧಿಗೆ ಎರಡು ಕರಾರು ಮಾಡಿಕೊಂಡರೆ ಅವನಿಗೂ ಶಿಕ್ಷೆ, ನಿಮಗೂ ತಲೆನೋವು. ನಾವು ಡಿಸೆಂಬರ್‌ನಿಂದ ಮೇವರೆಗೆ ಮಾಡಿದ್ದು ಎರಡೇ ಕೆಲಸ: ಆಟ ನೋಡುವುದು, ಯಾರ ಕರಾರು ಯಾವ ದಿನ ಮುಗಿಯುತ್ತದೆಂದು ಪಟ್ಟಿ ಬರೆಯುವುದು. ಆರು ತಿಂಗಳಿಗಿಂತ ಹೆಚ್ಚು ಕರಾರು ಉಳಿದವನ ಬಗ್ಗೆ ಮೊದಲ ಪತ್ರ ಅವನ ಕ್ಲಬ್‌ಗೆ ಹೋಗಬೇಕು, ಆಟಗಾರನಿಗಲ್ಲ. ‘ಅಣ್ಣಾ, ನಾನು ಫ್ರೀ ಇದೀನಿ’ ಎಂಬ ಫೋನ್ ಮಾತನ್ನು ನಂಬಬೇಡಿ. ಹಳೆಯ ಕರಾರಿನ ಕೊನೆಯ ಪುಟ ಅಥವಾ ಬಿಡುಗಡೆ ಪತ್ರ ಕೈಯಲ್ಲಿರಲಿ.

ಆಟ ನೋಡುವುದು ಎಂದೆನಲ್ಲ, ಏಜೆಂಟ್ ಕಳಿಸಿದ ನಾಲ್ಕು ನಿಮಿಷದ ವಿಡಿಯೊ ನೋಡುವುದು ಅದರಲ್ಲಿ ಸೇರುವುದಿಲ್ಲ. ಅದರಲ್ಲಿ ಯಾರೂ ಚೆಂಡು ಕಳೆದುಕೊಳ್ಳುವುದೇ ಇಲ್ಲ. ಒಬ್ಬನ ಮೂರು ಪೂರ್ತಿ ಪಂದ್ಯ ನೋಡುತ್ತಿದ್ದೆವು: ಪರಊರಿನಲ್ಲಿ ಆಡಿದ್ದು ಒಂದು, ಸೋತದ್ದು ಒಂದು, ತೀರಾ ಇತ್ತೀಚಿನದು ಒಂದು. ಸೋತ ಪಂದ್ಯದ ಕೊನೆಯ ಇಪ್ಪತ್ತು ನಿಮಿಷದಲ್ಲಿ ಚೆಂಡು ತನ್ನ ಬಳಿ ಇಲ್ಲದಾಗ ಅವನು ಓಡುತ್ತಾನೋ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ ನೋಡಿ. ನೇರವಾಗಿ ನೋಡಲು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ, ಮಿಜೋರಾಂ ಪ್ರೀಮಿಯರ್ ಲೀಗ್, ಶಿಲ್ಲಾಂಗ್ ಮತ್ತು ಮಣಿಪುರದ ಲೀಗುಗಳು, ನಮ್ಮ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ಇವೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅಂಥ ಒಂದು ಗೆಲುವಿನ ಮರುವಾರ ಆ ಹುಡುಗರ ಬೆಲೆ ಏರಿರುತ್ತದೆ. ಅವರನ್ನು ನೋಡಬೇಕಾದದ್ದು ಗುಂಪು ಹಂತದಲ್ಲಿ, ಗ್ಯಾಲರಿ ಖಾಲಿ ಇರುವಾಗ.

ಕೇರಳದ ಆಟಗಾರರ ಬಗ್ಗೆ ಒಂದು ಎಚ್ಚರಿಕೆ. ಮಲಪ್ಪುರಂ ಕಡೆಯ ಸೆವೆನ್ಸ್ (ತಂಡಕ್ಕೆ ಏಳು ಮಂದಿಯ) ಪಂದ್ಯಗಳು ಬೇಸಿಗೆಯ ಕೊನೆವರೆಗೂ ನಡೆಯುತ್ತವೆ, ಪಂದ್ಯಕ್ಕಿಷ್ಟು ಎಂದು ಅಲ್ಲೇ ಹಣ ಕೈಗೆ. ಗಟ್ಟಿ ಮಣ್ಣಿನ ಮೇಲೆ ರಾತ್ರಿ ರಾತ್ರಿ ಆಡಿದ ಮಂಡಿ ಜೂನ್‌ನಲ್ಲಿ ನಿಮ್ಮ ಅಭ್ಯಾಸಕ್ಕೆ ಬರುತ್ತದೆ. ತಪ್ಪು ಹುಡುಗರದಲ್ಲ, ಸಂಬಳ ನಿಂತ ತಿಂಗಳುಗಳಲ್ಲಿ ಮನೆ ನಡೆಯುವುದು ಅದರಿಂದಲೇ. ಆದರೆ ಎಷ್ಟು ಪಂದ್ಯ ಆಡಿದ್ದಾನೆಂದು ಕೇಳಿ ಬರೆದುಕೊಳ್ಳಿ, ಮೊದಲ ಎರಡು ವಾರ ಓಟ ಕಡಿಮೆ ಮಾಡಿ.

ಬೆಂಗಳೂರಿನಲ್ಲಿ ಇನ್ನೊಂದು ಗುಂಪು ಇದೆ, ಇಲಾಖೆಯ ಆಟಗಾರರು. ಎಂಇಜಿ, ಎಎಸ್‌ಸಿಯಂಥ ಸೇನಾ ತಂಡಗಳಲ್ಲಿ, ಸಾರ್ವಜನಿಕ ಕಾರ್ಖಾನೆಗಳ ತಂಡಗಳಲ್ಲಿ ದೇಹಬಲವೂ ಶಿಸ್ತೂ ಇರುವವರು ಸಿಗುತ್ತಾರೆ. ಅವರನ್ನು ತೆಗೆದುಕೊಳ್ಳಲು ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದು ನಿಮ್ಮ ವೇಗದಲ್ಲಿ ಬರುವುದಿಲ್ಲ. ಪಿಂಚಣಿ ಇರುವ ಕೆಲಸ ಬಿಟ್ಟು ಒಂದು ವರ್ಷದ ಕರಾರಿಗೆ ಬಾ ಎಂದು ಇಪ್ಪತ್ತೆಂಟು ವರ್ಷದವನನ್ನು ಕರೆಯುವುದು ನ್ಯಾಯವೂ ಅಲ್ಲ. ಅಂಥವರ ಹೆಸರನ್ನು ನಾವು ಪಟ್ಟಿಯಿಂದ ತೆಗೆದುಬಿಟ್ಟೆವು.

ಮುಕ್ತ ಟ್ರಯಲ್ಸ್ (ಯಾರು ಬೇಕಾದರೂ ಬರಬಹುದಾದ ಆಯ್ಕೆಯ ಆಟ) ಮಾಡಲೇಬೇಕು, ಆದರೆ ಅದರಿಂದ ಮೊದಲ ತಂಡ ಸಿಗುತ್ತದೆಂಬ ಆಸೆ ಬೇಡ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಹುಡುಗರಿಗೆ ನಿಮ್ಮ ಕ್ಲಬ್ ಗೊತ್ತಾಗುವುದು ಅಲ್ಲಿ. ಮೀಸಲು ತಂಡಕ್ಕೆ ಒಬ್ಬಿಬ್ಬರು ಸಿಕ್ಕರೆ ಲಾಭ. ಶುಲ್ಕ ತೆಗೆದುಕೊಳ್ಳಬೇಡಿ. ದಿನಕ್ಕೆ 66 ಮಂದಿ, ಆರು ತಂಡ, ಪ್ರತಿ ತಂಡಕ್ಕೂ 25 ನಿಮಿಷದ ಎರಡು ಆಟ. ಮೊದಲ ಆಟದಲ್ಲಿ ಎಲ್ಲರೂ ಒಬ್ಬರೇ ಡ್ರಿಬಲ್ ಮಾಡಿ ತೋರಿಸಲು ಹೊರಡುತ್ತಾರೆ, ಅಂಕ ಹಾಕಬೇಕಾದದ್ದು ಎರಡನೆಯದರಲ್ಲಿ. ಬಿಬ್ (ಅಂಗಿಯ ಮೇಲೆ ತೊಡುವ ಬನಿಯನ್) ನಂಬರ್ ಸಾಕು, ಅಂಕ ಹಾಕುವವರ ಕೈಯಲ್ಲಿ ಹೆಸರು ಇರಬಾರದು. ಇದ್ದರೆ ಶಿಫಾರಸು ಫೋನುಗಳು ಶುರುವಾಗುತ್ತವೆ.

ಕಿರಿಯರ ವಯಸ್ಸಿಗೆ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜತೆ ನೋಂದಣಿಯಾದ ದಿನಾಂಕವನ್ನೂ ನೋಡಿ. ಹುಟ್ಟಿ ಒಂದು ವರ್ಷ ಕಳೆದ ಮೇಲೆ ನೋಂದಾಯಿಸಬೇಕಾದರೆ ಮೇಲಧಿಕಾರಿಯ ಆದೇಶ ಬೇಕು. ಹನ್ನೆರಡು ವರ್ಷದ ನಂತರ ನೋಂದಣಿಯಾಗಿದ್ದರೆ ಶಾಲೆಯ ದಾಖಲಾತಿಯನ್ನೂ ತರಿಸಿ. 18 ತುಂಬದವನ ಜತೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರು ಫಿಫಾ ನಿಯಮದಲ್ಲಿ ಇಲ್ಲ, ವಯಸ್ಕರಿಗೆ ಐದು.

ವೈದ್ಯಕೀಯ ಪರೀಕ್ಷೆ ಸಹಿಗೆ ಮೊದಲು. ‘ಮೆಡಿಕಲ್ ಪಾಸಾದರೆ ಮಾತ್ರ ಈ ಕರಾರು ಜಾರಿ’ ಎಂಬ ಷರತ್ತನ್ನು ಫಿಫಾ ಒಪ್ಪುವುದಿಲ್ಲ. ಸಹಿ ಬಿದ್ದ ಮೇಲೆ ಮಂಡಿಯ ಲಿಗಮೆಂಟ್ ಹರಿದಿರುವುದು ಗೊತ್ತಾದರೂ ಸಂಬಳ ನಿಮ್ಮದೇ. ಕೆಲಸದ ವೀಸಾಕ್ಕೂ ಇದೇ ಮಾತು. ಇಸಿಜಿ, ಎಕೊ, ಎರಡೂ ಮಂಡಿಯ ಎಂಆರ್‌ಐ, ತೊಡೆಸಂದಿನ ತಪಾಸಣೆ ಇಷ್ಟಂತೂ ಆಗಲೇಬೇಕು. ತೊಡೆಸಂದಿನ ಹಳೆಯ ನೋವನ್ನು ಆಟಗಾರರು ಹೇಳುವುದೇ ಇಲ್ಲ, ಕೃತಕ ಹುಲ್ಲಿನ ಮೇಲೆ ಮೂರೇ ವಾರದಲ್ಲಿ ಅದು ತಾನಾಗಿ ಹೊರಬರುತ್ತದೆ.

ವಿದೇಶಿಯರ ಸಂಖ್ಯೆಯ ನಿಯಮ ಬದಲಾಗುತ್ತಲೇ ಇರುತ್ತದೆ, ಆಯಾ ವರ್ಷದ ನಿಯಮಪುಸ್ತಕ ಬಂದ ಮೇಲೆಯೇ ಕೊನೆಯ ಜಾಗ ತುಂಬಿ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದವನೂ ಪೌರತ್ವದಲ್ಲಿ ವಿದೇಶಿಯೇ. ಅವರ ಸಂಬಳದ ಮಾತು ಯಾವಾಗಲೂ ‘ಕೈಗೆ ಬರುವ ಮೊತ್ತ’ದ್ದು. ತೆರಿಗೆ ಸೇರಿಸಿ ಲೆಕ್ಕ ಹಾಕದೆ ಹ್ಞೂಂ ಅಂದರೆ ಬಜೆಟ್ ಅಲ್ಲೇ ಹರಿಯುತ್ತದೆ. ಮನೆ ಬಾಡಿಗೆ, ವರ್ಷಕ್ಕೆರಡು ವಿಮಾನ ಟಿಕೆಟ್, ಹೆಂಡತಿ ಮಕ್ಕಳ ವೀಸಾ, ಎಲ್ಲವೂ ಮೊದಲ ಪತ್ರದಲ್ಲೇ ಇರಲಿ. ಎಂಪ್ಲಾಯ್‌ಮೆಂಟ್ ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ ಆಗಬೇಕು, ಇದಕ್ಕೆ ಬಾಡಿಗೆ ಪತ್ರದಂಥ ವಿಳಾಸದ ಪುರಾವೆ ಬೇಕು. ಹೋಟೆಲ್‌ನಲ್ಲಿಟ್ಟುಕೊಂಡು ‘ಮನೆ ಆಮೇಲೆ ನೋಡೋಣ’ ಅನ್ನುವವರು ಸಿಕ್ಕಿಕೊಳ್ಳುವುದು ಇಲ್ಲೇ.

ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ, ಅಂದರೆ ಐಟಿಸಿ, ಫಿಫಾದ ಟಿಎಂಎಸ್ ಎಂಬ ಆನ್‌ಲೈನ್ ವರ್ಗಾವಣೆ ವ್ಯವಸ್ಥೆಯಲ್ಲಿ ಬರುತ್ತದೆ. ಹೊಸ ಕ್ಲಬ್‌ಗೆ ಮೊದಲು ಅದರ ಖಾತೆಯೇ ಇರುವುದಿಲ್ಲ, ವಿಂಡೋ (ಆಟಗಾರರ ವರ್ಗಾವಣೆ, ನೋಂದಣಿಗೆ ಅವಕಾಶವಿರುವ ಅವಧಿ) ತೆರೆಯುವ ಮೊದಲೇ ಮಾಡಿಸಿಕೊಳ್ಳಿ. ಕರಾರು, ಪಾಸ್‌ಪೋರ್ಟ್, ಹಿಂದಿನ ಕರಾರು ಮುಗಿದ ಪುರಾವೆ, ಮೂರನೆಯವರಿಗೆ ಆಟಗಾರನ ಮೇಲೆ ಹಣದ ಹಕ್ಕಿಲ್ಲವೆಂಬ ಅವನ ಸಹಿಯ ಘೋಷಣೆ, ಇವೆಲ್ಲ ಪಿಡಿಎಫ್ ಆಗಿ ಸಿದ್ಧವಿರಬೇಕು. ಎರಡು ಕ್ಲಬ್‌ಗಳು ತುಂಬಿದ ವಿವರ ಒಂದಕ್ಕೊಂದು ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ನಮ್ಮದೊಂದು ಸಲ ನಿಂತದ್ದು ಕಂತಿನ ದಿನಾಂಕ ಒಂದು ದಿನ ಆಚೀಚೆಯಾದದ್ದಕ್ಕೆ. ದೇಶದೊಳಗಿನ ವರ್ಗಾವಣೆ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಸಿಆರ್‌ಎಸ್ ಎಂಬ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ. ಹಳೆಯ ಕ್ಲಬ್‌ನವರು ಅಲ್ಲಿ ಒಪ್ಪಿಗೆ ಕೊಡುವವರೆಗೆ ಫೋನ್ ಮಾಡುತ್ತಲೇ ಇರಿ.

ಹಣದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಸಂಬಳದ ಒಟ್ಟು ಮೊತ್ತ 100 ಎಂದರೆ 85ನ್ನು ಈಗ, 15ನ್ನು ಜನವರಿ ವಿಂಡೋಗೆ ಇಟ್ಟೆವು. ಎಲ್ಲರಿಗೂ ಒಂದೇ ವರ್ಷದ ಕರಾರು ಅಗ್ಗ ಎನಿಸುತ್ತದೆ, ಆದರೆ ಮುಂದಿನ ಮೇ 31ಕ್ಕೆ ಮತ್ತೆ ಶೂನ್ಯದಿಂದ ಶುರು. ಹತ್ತು ಮಂದಿಗೆ ಎರಡು ವರ್ಷ, ಕಿರಿಯ ನಾಲ್ವರಿಗೆ ಮೂರು, ಉಳಿದವರಿಗೆ ಒಂದು ಎಂದು ಹಂಚಿದೆವು. ಕರಾರು ಮುಂದುವರಿಸುವ ಹಕ್ಕು ಕ್ಲಬ್‌ಗೆ ಮಾತ್ರ ಎಂಬ ಷರತ್ತು ವಿವಾದಕ್ಕೆ ಹೋದರೆ ನಿಲ್ಲುವ ಭರವಸೆ ಇಲ್ಲ, ಅದರ ಮೇಲೆ ಲೆಕ್ಕ ಕಟ್ಟಬೇಡಿ. ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರ 15 ದಿನದ ನೋಟಿಸ್ ಕೊಟ್ಟು ಕರಾರು ಮುರಿಯಬಹುದು. ಪ್ರಾಯೋಜಕರ ಹಣ ತಡವಾದರೂ ಮೂರು ತಿಂಗಳು ತಳ್ಳುವಷ್ಟು ಬ್ಯಾಂಕಿನಲ್ಲಿ ಇರದಿದ್ದರೆ 26ರ ಬದಲು 22ಕ್ಕೆ ಸಹಿ ಹಾಕಿಸಿ.

ವಿಂಡೋ ಮುಚ್ಚುವ ದಿನವನ್ನು ನಾವು ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನ ಮುಂಚೆಯೇ ಬರೆದುಕೊಂಡಿದ್ದೆವು. ಆಟಗಾರ ಬಿಟ್ಟು ಬಂದ ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ಶನಿವಾರ, ಭಾನುವಾರ ಫೋನ್ ಎತ್ತುವವರಿರುವುದಿಲ್ಲ.