ಎರಡು ಕುಣಿ, ಒಂದು ಗಿಲಕಿ

ಒಂಬತ್ತು ತಿಂಗಳ ಕೂಸಿನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಗುಳೇದಗುಡ್ಡದಲ್ಲಿ ನಾನು ಬೈಸಿಕೊಂಡಿದ್ದೇನೆ. "ಏನ್ರೀ ಅಕ್ಕೋರ, ಕೂಸಿನ ಜೋಡಿ ಮಾತಾಡಾಕ ಬರೂದಿಲ್ಲೇನು? ಹಂಗ ಮಾರಿ ಬಿಗಕೊಂಡು ಕುಂತ್ರ ಅದು ಅಂಜೂದಿಲ್ಲೇನು?" ಎಂದರು ಆ ಮನೆಯ ಆಯಿ. ಅವರು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಆಗ ನಾನು ಮನಃಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಪಿಯಾಜೆ ತನ್ನ ಮಕ್ಕಳ ಮೇಲೆಯೇ ಮಾಡಿ ನೋಡಿದ ಒಂದು ಹಳೆಯ ಆಟ. ಕೂಸಿನ ಕಣ್ಣೆದುರೇ ಆಟಿಕೆಯನ್ನು ಎಡಗಡೆ ಮುಚ್ಚಿಡಬೇಕು. ಅದು ತೆಗೆಯಲಿ. ಎರಡು ಮೂರು ಸಲ ಹಾಗೇ ಮಾಡಬೇಕು. ಆಮೇಲೆ, ಅದು ನೋಡುತ್ತಿರುವಾಗಲೇ, ಬಲಗಡೆ ಮುಚ್ಚಿಡಬೇಕು. 8ರಿಂದ 12 ತಿಂಗಳ ಕೂಸುಗಳು ಬಹಳ ಸಲ ಮತ್ತೆ ಎಡಗಡೆಗೇ ಕೈ ಹಾಕುತ್ತವೆ. ಆಗ ತಾನೇ ಕಣ್ಣಾರೆ ನೋಡಿರುತ್ತವೆ, ಆದರೂ! ವಸ್ತು ಬೇರೆ, ಅದನ್ನು ತೆಗೆಯುವ ತನ್ನ ಕೈಯ ಕೆಲಸ ಬೇರೆ ಅನ್ನೋದು ಕೂಸಿಗೆ ಇನ್ನೂ ಪೂರ್ತಿ ಹೊಳೆದಿಲ್ಲ ಅಂತ ಪಿಯಾಜೆ ಅಂದ.

ನಮ್ಮ ಓಣಿಯ ಬಡಿಗೇರ ಕಾಕಾ ಒಂದು ಹಲಗೆಯಲ್ಲಿ ಎರಡು ಕುಣಿ ಕೊರೆದು ಕೊಟ್ಟರು. "ಅಳಗುಳಿ ಮಣಿಗೆ ಇಷ್ಟ ಕುಣಿ ಸಾಕೇನ?" ಅಂತ ನಕ್ಕರು. ಮುಚ್ಚಲು ಎರಡು ತುಂಡು ಖಣದ ಬಟ್ಟೆ ತಂದೆ. ಒಂದು ಕೆಂಪು, ಒಂದು ಹಸಿರು. ನೇಕಾರರ ಊರು, ಖಣಕ್ಕೇನು ಕಡಿಮೆ? ಅದೇ ನನ್ನ ಮೊದಲ ದಡ್ಡತನ. ಕೂಸುಗಳಿಗೆ ಗಿಲಕಿ ಬೇಡವೇ ಬೇಡ, ಆ ಮಿನುಗುವ ಖಣವೇ ಬೇಕು. ಎಳೆದುಕೊಂಡು ಸೀದಾ ಬಾಯಿಗೆ. ಕೊನೆಗೆ ಹಳೇ ಪಂಚೆಯಿಂದ ಒಂದೇ ಥರದ ಎರಡು ಬಿಳಿ ತುಂಡು ಹರಿದುಕೊಂಡೆ.

ಒಟ್ಟು 14 ಮನೆ. ವಯಸ್ಸು ಕೇಳಿದರೆ "ಬಸವ ಜಯಂತಿ ಆದ ಮ್ಯಾಲ ಹುಟ್ಟೇತ್ರಿ" ಎನ್ನುವ ಉತ್ತರ ಬರುತ್ತಿತ್ತು. ಹಾಗಾಗಿ ತಾಯಿ ಕಾರ್ಡ್ ನೋಡಿಯೇ ಬರೆದುಕೊಳ್ಳುತ್ತಿದ್ದೆ. ಈ ಆಟದಲ್ಲಿ ಒಂದು ತಿಂಗಳೂ ದೊಡ್ಡ ವ್ಯತ್ಯಾಸ. ಮುಚ್ಚಿಟ್ಟ ಮೇಲೆ ಕೂಸನ್ನು ಎಷ್ಟು ಹೊತ್ತು ತಡೆದರೆ ತಪ್ಪು ಮಾಡುತ್ತದೆ ಅಂತ ಏಡೆಲ್ ಡೈಮಂಡ್ ಎಂಬ ಸಂಶೋಧಕಿ 1985ರಲ್ಲಿ ಅಳೆದಿದ್ದರು. ಏಳೂವರೆ ತಿಂಗಳಲ್ಲಿ 2 ಸೆಕೆಂಡು ತಡೆದರೂ ಸಾಕು. ಆಮೇಲೆ ತಿಂಗಳಿಗೆ ಸುಮಾರು 2 ಸೆಕೆಂಡಿನಂತೆ ಬೆಳೆದು, ವರ್ಷ ತುಂಬುವಾಗ 10 ಸೆಕೆಂಡು ದಾಟುತ್ತದೆ. ಹಣೆಯ ಹಿಂದಿನ ಮಿದುಳಿನ ಭಾಗ ಬಲಿಯುವುದಕ್ಕೂ ಇದಕ್ಕೂ ನಂಟಿದೆ ಎನ್ನುವುದು ಅವರ ವಾದ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಪಕ್ಕದಲ್ಲಿ ಕುಣಿಮಗ್ಗ ಸದ್ದು ಮಾಡುತ್ತಿದ್ದರೆ ಎಣಿಕೆ ಆ ತಾಳಕ್ಕೇ ಹೋಗಿಬಿಡುತ್ತಿತ್ತು. ಆಮೇಲೆ ಮೊಬೈಲಿನ ವಿಡಿಯೋ ನೋಡಿ ತಿದ್ದಿಕೊಳ್ಳಬೇಕಾಯಿತು. ವಿಡಿಯೋ ಅಂದರೆ ದೃಷ್ಟಿಯ ಮಾತು ಬರುತ್ತದೆ. ಹಾಗಾಗಿ ಕೂಸಿಗೆ ಕಾಡಿಗೆ ಬೊಟ್ಟು ಇಟ್ಟ ಮೇಲೆಯೇ ಮೊಬೈಲ್ ಹೊರತೆಗೆಯುತ್ತಿದ್ದೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಎಣ್ಣೆ ಹಚ್ಚಿ ಎರೆದ ಹೊತ್ತಿಗೆ ಹೋಗಬಾರದು ಅನ್ನೋದನ್ನೂ ಅಷ್ಟೇ. ಎರೆದ ಕೂಸು ಒಂದು ಮಲಗಿರುತ್ತದೆ, ಇಲ್ಲವೇ ರಚ್ಚೆ ಹಿಡಿದಿರುತ್ತದೆ.

ಎರಡನೇ ಪೇಚು ತೊಡೆಯದ್ದು. ಕೂಸು ಅವ್ವನ ತೊಡೆಯ ಮೇಲೆ ಕೂತಿರುತ್ತದೆ. ನಾನು ಬಲಗಡೆ ಮುಚ್ಚಿಟ್ಟರೆ ಅವ್ವ ತನಗೇ ಗೊತ್ತಿಲ್ಲದೆ ಬಲಕ್ಕೆ ವಾಲುತ್ತಾಳೆ. ತನ್ನ ಮಗ ಸೋಲಬಾರದು, ಅಲ್ವಾ? ಲ್ಯಾಬುಗಳಲ್ಲಿ ತಾಯಿಗೆ ಕಪ್ಪು ಕನ್ನಡಕ ಹಾಕುತ್ತಾರೆ, ಇಲ್ಲವೇ ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಾರೆ. ನಾನು ಸೆರಗನ್ನು ಕಣ್ಣಿನ ತನಕ ಎಳೆದುಕೊಳ್ಳಿ ಅಂದೆ. ಮೂರು ಕೂಸುಗಳು ಹಿಂದೆ ತಿರುಗಿ ಸೆರಗು ಎಳೆದು ಕೇಕೆ ಹಾಕಿದವು. ಅವುಗಳಿಗೆ ಗಿಲಕಿಗಿಂತ ಆ ಆಟವೇ ದೊಡ್ಡದಾಯಿತು. ಆ ಮೂರನ್ನು ಲೆಕ್ಕದಿಂದ ಬಿಟ್ಟೆ. ಉಳಿದದ್ದು 11.

ಇನ್ನು ಮಾತಿನ ವಿಷಯ. ನಾವು ಕೂಸಿಗೆ ಏನಾದರೂ ತೋರಿಸುವಾಗ ಸುಮ್ನೆ ಇರುವುದಿಲ್ಲ. ಕಣ್ಣಲ್ಲಿ ಕಣ್ಣಿಡುತ್ತೇವೆ, ಹೆಸರು ಕರೆಯುತ್ತೇವೆ, "ನೋಡಿಲ್ಲಿ ಚಿನ್ನಾ" ಎನ್ನುತ್ತೇವೆ. ಹಂಗೇರಿಯ ಟೋಪಾಲ್, ಗೆರ್ಗೆಯ್, ಚಿಬ್ರಾ ಮತ್ತವರ ಜೊತೆಗಾರರು 2008ರಲ್ಲಿ ಹೇಳಿದ್ದು ಇದನ್ನೇ ಹಿಡಿದು. 10 ತಿಂಗಳ ಕೂಸುಗಳ ಜೊತೆ ಹೀಗೆ ಮಾತಾಡುತ್ತಾ ಮುಚ್ಚಿಟ್ಟಾಗ ಆ ತಪ್ಪು ಜಾಸ್ತಿ ಕಂಡಿತು. ಮುಖ ಕೊಡದೆ, ಮಾತಾಡದೆ ಮುಚ್ಚಿಟ್ಟಾಗ ಕಡಿಮೆಯಾಯಿತು. ಅಂದರೆ ಕೂಸು ಮರೆತದ್ದಷ್ಟೇ ಅಲ್ಲ. "ಇದರ ಜಾಗ ಇದು" ಅಂತ ನಾವು ಪಾಠ ಹೇಳುತ್ತಿದ್ದೇವೆ ಅಂದುಕೊಂಡಿದೆ. ಪಾಠ ಕಲಿತಿದೆ. ಇನ್ನೂ ತಮಾಷೆಯೆಂದರೆ, ಮರುವರ್ಷ ಅದೇ ಗುಂಪಿನವರು ಇದನ್ನು ಪ್ರಾಣಿಗಳ ಮೇಲೆ ಮಾಡಿದರು. ನಾಯಿಗಳು ಕೂಸಿನ ಹಾಗೇ ತಪ್ಪು ಮಾಡಿದವು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳು ಮಾಡಲಿಲ್ಲ.

ಇದನ್ನೇ ನಮ್ಮೂರಲ್ಲಿ ನೋಡೋಣ ಅಂತ ಪ್ರತಿ ಕೂಸಿನ ಹತ್ತಿರ ಎರಡು ದಿನ ಹೋದೆ. ಒಂದು ದಿನ ಮಾತು, ಒಂದು ದಿನ ಮೌನ. ಮೌನದ ದಿನವೇ ಆಯಿ ಬೈದದ್ದು. ನಾನು ಎದುರಿಗೇ ಕೂತು, ಮುಖದಲ್ಲಿ ಏನೂ ತೋರಿಸದೆ ಗಿಲಕಿ ಮುಚ್ಚಿಟ್ಟಿದ್ದೆ. ಕೂಸು ಗಿಲಕಿ ಬಿಟ್ಟು ನನ್ನ ಮುಖವನ್ನೇ ನೋಡಿತು. ನಕ್ಕಿತು. ನಾನು ನಗಲಿಲ್ಲ. ತುಟಿ ಅದುರಿತು, ಅಳು ಶುರುವಾಯಿತು. ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತಾಯಂದಿರಿಗೆ ಹೇಳಿ ಮಾಡಿಸಿದ್ದು ಇದನ್ನೇ. ಆಡಿಸುತ್ತಿದ್ದ ತಾಯಿ ದಿಢೀರನೆ ಮುಖ ಕಲ್ಲು ಮಾಡಿಕೊಂಡು ಕೂತರೆ ಕೂಸು ಮೊದಲು ಕರೆಯುತ್ತದೆ, ಆಮೇಲೆ ಕಂಗೆಡುತ್ತದೆ. ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಗೊತ್ತಿಲ್ಲದವಳ ಹಾಗೆ ಅದನ್ನೇ ಮಾಡಿದ್ದೆ.

ಹಂಗೇರಿಯವರ ವಿವರಣೆಯನ್ನು ಮತ್ತೆ ತೆಗೆದು ಓದಿದೆ. ಅವರು ಎದುರು ಕೂತು ಮುಖ ಬಿಗಿದಿರಲಿಲ್ಲ, ಪಕ್ಕಕ್ಕೆ ತಿರುಗಿ ಕೂತಿದ್ದರು! ಒಂದು ಸಾಲು ಸರಿಯಾಗಿ ಓದದ್ದಕ್ಕೆ ಐದು ಮನೆಯ ಕೆಲಸ ಹಾಳಾಯಿತು. ಮತ್ತೆ ಆ ಐದು ಮನೆಗೂ ಹೋದೆ. ಪಕ್ಕಕ್ಕೆ ತಿರುಗಿ ಕೂತು, ಬೇರೇನೋ ಕೆಲಸ ಮಾಡುವವಳ ಹಾಗೆ ಗಿಲಕಿ ಮುಚ್ಚಿಟ್ಟೆ. ಅಳು ನಿಂತಿತು. ಆಯಿಗೂ ಸಮಾಧಾನ.

ಪಕ್ಕಕ್ಕೆ ತಿರುಗಿ ಕೂತ ದಿನ ಎಡಗಡೆಯ ತಪ್ಪು ಕಡಿಮೆ ಇತ್ತು. ಆದರೆ ಕೆಲವು ಕೂಸುಗಳು ಹಲಗೆಯನ್ನೇ ನೋಡಲಿಲ್ಲ, ಯಾವ ಕುಣಿಗೂ ಕೈ ಹಾಕಲಿಲ್ಲ. 2009ರಲ್ಲಿ ಮನಃಶಾಸ್ತ್ರಜ್ಞೆ ಲಿಂಡಾ ಸ್ಮಿತ್ ಮತ್ತವರ ಜೊತೆಗಾರರು ಹಂಗೇರಿಯವರ ಅರ್ಥಕ್ಕೆ ಆಕ್ಷೇಪ ಎತ್ತಿದ್ದರು. ಅವರ ಪ್ರಕಾರ ಇದು ಪಾಠದ ವಿಷಯವಲ್ಲ. ಎಲ್ಲಿಗೆ ಗಮನ ಹೋಯಿತು, ಕೈ ಯಾವ ದಾರಿ ರೂಢಿ ಮಾಡಿಕೊಂಡಿತು ಅನ್ನೋದರ ವಿಷಯ. ಇದೇ ಸ್ಮಿತ್, ಎಸ್ತರ್ ಥೆಲೆನ್ ಜೊತೆ ಇನ್ನೊಂದು ಸಂಗತಿ ತೋರಿಸಿದ್ದರು. ಬಲಗಡೆ ಮುಚ್ಚಿಡುವ ಮುಂಚೆ ಕೂತ ಕೂಸನ್ನು ಎತ್ತಿ ನಿಲ್ಲಿಸಿದರೆ ತಪ್ಪು ಕಡಿಮೆಯಾಗುತ್ತದೆ. ನಾನೂ ನಾಲ್ಕು ಕೂಸುಗಳನ್ನು ನಿಲ್ಲಿಸಿ ನೋಡಿದೆ. ಮೂರು ಸರಿಯಾದ ಕುಣಿಗೇ ಕೈ ಹಾಕಿದವು. ನಾಲ್ಕರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಅದನ್ನು ನೋಡಿದ ಮೇಲೆ ನನ್ನ ಮನಸ್ಸು ಕೈಯ ರೂಢಿಯ ಕಡೆಗೇ ಜಾಸ್ತಿ ವಾಲಿದೆ. ವರದಿಯಲ್ಲಿ ಎರಡೂ ವಾದ ಬರೆದೆ. ಗೈಡ್ ಒಂದನ್ನೇ ಇಟ್ಟುಕೋ ಅಂದರು. ನಾನು ಒಪ್ಪಲಿಲ್ಲ.

ಹಲಗೆ ಈಗ ಆ ಆಯಿಯ ಮನೆಯಲ್ಲಿದೆ. ಎಡಗಡೆಯ ಕುಣಿಯಲ್ಲಿ ಸುಣ್ಣದ ಡಬ್ಬಿ, ಬಲಗಡೆ ಅಡಿಕೆ. ಕಳೆದ ಸಲ ಹೋದಾಗ ಅವರ ಕಣ್ಣೆದುರೇ, ಮಾತಾಡುತ್ತಾ ಮಾತಾಡುತ್ತಾ, ಎರಡನ್ನೂ ಅದಲು ಬದಲು ಮಾಡಿಟ್ಟೆ. ಚಹಾ ಮುಗಿದ ಮೇಲೆ ಆಯಿ ಎಲೆ ಮಡಚಿ ಸುಣ್ಣಕ್ಕೆ ಅಂತ ಸೀದಾ ಎಡಗಡೆ ಕೈ ಹಾಕಿದರು. ಬೆರಳಿಗೆ ಅಡಿಕೆ ಸಿಕ್ಕಿತು.

"ಯವ್ವಾ, ನನ್ನೂ ಕೂಸು ಮಾಡಿದೇನ ನೀ?" ಎಂದರು.